ಸುಡದ ಕಾಲು

ಬಟವಾಡಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಹಾಲ್‌ನಲ್ಲಿ ಈಗ ರಕ್ತ ಪರೀಕ್ಷೆ ಮಾಡುತ್ತಾರೆ. ಹೋದ ವಾರ ನಮ್ಮ ಯಜಮಾನರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಕರೆದುಕೊಂಡು ಅನ್ನುವುದು ಸುಳ್ಳು, ಎಳೆದುಕೊಂಡು ಹೋಗಿದ್ದೆ. ಮರಳೂರಿಗೆ ಮನೆ ಬದಲಾಯಿಸಿದ ಮೇಲೆ ಆ ಬೀದಿಗೆ ನಾವು ಕಾಲಿಟ್ಟಿರಲಿಲ್ಲ. ಆಟೋ ಇಳಿದು ತಲೆ ಎತ್ತಿದಾಗಲೇ ಗೊತ್ತಾಗಿದ್ದು, ಇದು ನಮ್ಮದೇ ಹಳೆಯ ಮನೆ ಎಂದು. ಹೊಸಿಲು ಅದೇ. ಅತ್ತೆಯ ದಿವಾನ್ ಇದ್ದ ಕಡೆ ಕಬ್ಬಿಣದ ಕುರ್ಚಿಗಳ ಸಾಲು. ನಮ್ಮ ಟೀವಿ ಇದ್ದ ಗೋಡೆಯಲ್ಲಿ, ಅದೇ ತೂತಿಗೋ ಏನೋ, ಇನ್ನೊಂದು ಟೀವಿ ಬಿಗಿದಿದ್ದರು. ರಕ್ತ ತೆಗೆಯುವ ಹುಡುಗಿ ಹತ್ತಿಗೆ ಸ್ಪಿರಿಟ್ ಹಾಕಿದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಅದರ ಅಡಿಯಿಂದ ಇನ್ನೊಂದು ವಾಸನೆ ಎದ್ದು ಬಂದಂತಾಯಿತು. ಇದೇ ಹಾಲ್‌ನಲ್ಲಿ, ಒಂದು ಮಳೆಗಾಲದಲ್ಲಿ, ಎಲ್ಲೋ ಇಲಿ ಸತ್ತಿದೆ ಎಂದು ನಾವೆಲ್ಲ ಹುಡುಕಾಡಿದ ವಾಸನೆ.

ಅದು ಕೊರೊನಾ ಮುಗಿದು ಜನ ಮಾಸ್ಕ್ ಬಿಚ್ಚಿದ ಮೇಲಿನ ವರ್ಷ. ನಾನು ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಯಜಮಾನರು ಸತ್ಯಮಂಗಲದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಮಗಳು ಚಿನ್ಮಯಿ ಐದನೇ ಕ್ಲಾಸು. ನಾವಿಬ್ಬರು ಎಷ್ಟು ದುಡಿದರೂ ಮನೆಯ ದರ್ಬಾರು ಮಾತ್ರ ನಮ್ಮ ಅತ್ತೆ ರುದ್ರಮ್ಮನವರದು. ಕುಣಿಗಲ್ ಕಡೆಯ ಹೆಣ್ಣುಮಗಳು. ಎತ್ತರದ ಆಳು, ಹಣೆ ತುಂಬ ವಿಭೂತಿ, ಬೀದಿ ಕೊನೆಯಲ್ಲಿ ಮಾತಾಡಿದರೆ ಅಡುಗೆಮನೆಗೆ ಕೇಳಿಸುವ ಗಂಟಲು. ಕೊರೊನಾಕ್ಕೆ ಮುಂಚೆ ದಿನವೂ ಸಂಜೆ ಈಶ್ವರನ ಗುಡಿಗೆ ನಡೆದು ಹೋಗಿ, ಅರಳಿಕಟ್ಟೆಯ ಮೇಲೆ ಊರಿನ ಸೊಸೆಯರನ್ನೆಲ್ಲ ಒಂದು ಸುತ್ತು ವಿಚಾರಿಸಿಕೊಂಡು, ಕತ್ತಲಾದ ಮೇಲೆ ನಡೆದೇ ಬರುತ್ತಿದ್ದರು. ಗುಡಿಯ ಬಾಗಿಲು ಹಾಕಿದ ಕಾಲದಲ್ಲಿ ಆ ಅಭ್ಯಾಸ ತಪ್ಪಿತು. ಬಾಗಿಲು ತೆರೆದ ಮೇಲೂ ಕಾಲು ಹೊರಗೆ ಹೋಗಲಿಲ್ಲ. ಅಷ್ಟರಲ್ಲಿ ಅವರಿಗೆ ಸೀರಿಯಲ್ಲಿನ ಸೊಸೆಯರು ಸಿಕ್ಕಿದ್ದರು.

ಆ ಯುಗಾದಿಗೆ ಯಜಮಾನರು ಗೋಡೆ ತುಂಬುವಂಥ ಟೀವಿ ತಂದರು. ಚಿತ್ರ ಚೆನ್ನಾಗಿ ಕಾಣಬೇಕಾದರೆ ಲೈಟ್ ಆರಿಸಬೇಕು ಎಂದು ಅಂಗಡಿಯವರು ಹೇಳಿದ್ದರಂತೆ. ಅಂದಿನಿಂದ ಊರವರೆಲ್ಲ ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಯಲ್ಲಿ ದೀಪ ಆರಿಸುವ ಪದ್ಧತಿ ಬಂತು. ತಟ್ಟೆಗಳು ಅಡುಗೆಮನೆಯಿಂದ ಹಾಲ್‌ಗೆ ಬಂದವು. ಯಜಮಾನರು ಸೋಫಾದಲ್ಲಿ, ಮಗಳು ನೆಲದ ಮೇಲೆ ಹೊಟ್ಟೆಯಡಿಯಾಗಿ, ಅತ್ತೆ ದಿವಾನ್ ಮೇಲೆ ಕಾಲು ಇಳಿಬಿಟ್ಟುಕೊಂಡು. ಟೀವಿಯ ಬೆಳಕು ಎಲ್ಲರ ಮುಖಕ್ಕೂ ಬೀಳುತ್ತಿತ್ತು. ಸೊಂಟದ ಕೆಳಗೆ ಕತ್ತಲು. ತಟ್ಟೆಯಲ್ಲಿ ಏನಿದೆ, ಎಷ್ಟಿದೆ, ಯಾರೂ ನೋಡುತ್ತಿರಲಿಲ್ಲ. ಗುಬ್ಬಿಯಿಂದ ಬಸ್ಸಿನಲ್ಲಿ ನಿಂತೇ ಬಂದ ನನಗೂ ಆ ಟೀವಿ ಒಳ್ಳೆಯದೇ ಆಗಿತ್ತು ಅನ್ನಿ. ಅತ್ತೆ ಅಡುಗೆಮನೆಗೆ ಬಂದು ಸಾರಿಗೆ ಹುಳಿ ಸಾಲದು ಅನ್ನುವುದು ನಿಂತಿತ್ತು.

ಅತ್ತೆಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾಗಿ ಆಗಲೇ ಬಹಳ ಕಾಲವಾಗಿತ್ತು. ಬೆಳಿಗ್ಗೆ ಒಂದು ಮಾತ್ರೆ, ರಾತ್ರಿ ಒಂದು ಮಾತ್ರೆ. ಮಾತ್ರೆ ನುಂಗಿದ ಮೇಲೆ ಅದರ ಕೆಲಸ ಅದು ಮಾಡಿಕೊಳ್ಳುತ್ತದೆ, ನಮ್ಮ ಕೆಲಸ ನಾವು ಮಾಡಿಕೊಳ್ಳಬೇಕು ಅನ್ನುವುದು ಅವರ ತಿಳಿವಳಿಕೆ. ಅದಕ್ಕಿಂತ ದೊಡ್ಡ ತೊಡಕು ಒಂದು ಮಾತಿನದು. ಮಠಕ್ಕೆ ನಡೆದುಕೊಳ್ಳುವ ನಮ್ಮಂಥ ಮನೆಗಳಲ್ಲಿ ಊಟ ಆಯಿತಾ ಎಂದು ಕೇಳುವುದಿಲ್ಲ, ಪ್ರಸಾದ ಆಯಿತಾ ಎಂದು ಕೇಳುತ್ತೇವೆ. ಕೈಗೆ ಬಂದದ್ದು ಬರೀ ಪದಾರ್ಥ. ಕೊರಳಲ್ಲಿರುವ ಲಿಂಗಕ್ಕೆ ಅದನ್ನು ಅರ್ಪಿಸಿದ ಮೇಲೆ ಪ್ರಸಾದ. ಪ್ರಸಾದವನ್ನು ಬೇಡ ಅನ್ನಬಾರದು, ತಟ್ಟೆಯಲ್ಲಿ ಬಿಡಬಾರದು. ಅತ್ತೆ ತಟ್ಟೆ ತೊಳೆದ ನೀರನ್ನೂ ಚೆಲ್ಲದೆ ಕುಡಿಯುವವರು. ಆ ಪದ್ಧತಿಯ ಮೇಲೆ ನನಗೆ ಇಂದಿಗೂ ಗೌರವವಿದೆ. ಆದರೆ ಆ ವರ್ಷ ನಮ್ಮ ಮನೆಯಲ್ಲಿ ಪ್ರಸಾದವಾಗದೆ ಉಳಿದ ತಿಂಡಿ ಬೇಕರಿಯಲ್ಲೂ ಇರಲಿಲ್ಲ. ಸೀರಿಯಲ್ ಶುರುವಾಗುವ ಮುಂಚೆ ಬೆಣ್ಣೆ ಬಿಸ್ಕತ್ತು, ನಡುವೆ ಜಾಹೀರಾತು ಬಂದಾಗ ಹನಿಕೇಕು, ಮುಗಿಯುವ ಹೊತ್ತಿಗೆ ಸಕ್ಕರೆ ಮುಂದಾಗಿ ಒಂದು ಲೋಟ ಕಾಫಿ. ಸೆರಗಿನೊಳಗೆ ಕೈ ಹಾಕಿ ಲಿಂಗವಿದ್ದ ಕರಡಿಗೆಗೆ ಒಮ್ಮೆ ಮುಟ್ಟಿಸುವುದು, ಬಾಯಿಗೆ ಹಾಕಿಕೊಳ್ಳುವುದು. ಕಣ್ಣು ಟೀವಿಯಿಂದ ಕದಲುತ್ತಿರಲಿಲ್ಲ.

"ಅಮ್ಮ, ಐಸ್‌ಕ್ರೀಮ್‌ನೂ ಲಿಂಗಕ್ಕೆ ಮುಟ್ಟಿಸ್ತೀಯಲ್ಲ, ಶಿವನಿಗೆ ನೆಗಡಿ ಆಗಲ್ವಾ?" ಎಂದು ಯಜಮಾನರು ರೇಗಿಸುತ್ತಿದ್ದರು.

"ತಲೆ ಮೇಲೆ ಗಂಗೆ ಹೊತ್ಕೊಂಡಿರೋನಿಗೆ ಎಂಥ ನೆಗಡೀಲಾ!" ಎಂದು ಅತ್ತೆ ಇನ್ನೊಂದು ಚಮಚ ತಿನ್ನುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು.

ಬಟವಾಡಿಯ ನಮ್ಮ ಮಾಮೂಲಿ ಡಾಕ್ಟರು ನಗಲಿಲ್ಲ. ಸಿಹಿ ಬಿಟ್ಟಿದ್ದೀರಾ ಅಮ್ಮ ಎಂದು ಕೇಳಿದರು.

"ಸಿಹಿ ತಿನ್ನದು ಬಿಟ್ಟು ಯಾವ ಕಾಲ ಆಯ್ತು ಡಾಕ್ಟ್ರೇ! ಏನೋ ಒಂಚೂರು ಪ್ರಸಾದ ಅಂತ ಬಾಯಿಗ್ ಹಾಕ್ಕೋತೀನಿ, ಅಷ್ಟೇಯ."

"ಪ್ರಸಾದ ಎಷ್ಟು ತಿಂತೀರಿ?"

"ಪ್ರಸಾದನ ಯಾರಾದ್ರೂ ಅಳೀತಾರಾ?"

ಡಾಕ್ಟರು ನನ್ನ ಮುಖ ನೋಡಿದರು. ಮನೆಗೆ ಬಂದು ನಾನು ಗದರಿದೆ, ಬೇಡಿಕೊಂಡೆ, ಡಬ್ಬಿ ಬಚ್ಚಿಟ್ಟೆ. ಸೊಸೆ ಅತ್ತೆಯ ಬಾಯಿಗೆ ಬೀಗ ಹಾಕುತ್ತಾಳೆ ಎಂದು ಕುಣಿಗಲ್‌ವರೆಗೆ ಸುದ್ದಿಯಾಯಿತು. ಯಜಮಾನರು, "ಬಿಡೇ ಅತ್ಲಾಗೆ, ಇರೋ ಗಂಟ ತಿಂದ್ಕೊಂಡಿರ್ಲಿ. ನಮ್ಮಮ್ಮ ಏನ್ ಇನ್ನೊಬ್ರ ಮನೇದು ತಿಂತವ್ರಾ?" ಅಂದರು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ವಿಜ್ಞಾನದ ಮೇಡಂ ಕೂಡ ಮನೆಯಲ್ಲಿ ಮದ್ದಲ್ಲ.

ಆ ವರ್ಷ ಶ್ರಾವಣದಲ್ಲಿ ಮಳೆ ಕೈಕೊಟ್ಟಿತು. ಮೋಡ ಬರುವುದು, ಆಸೆ ಹುಟ್ಟಿಸಿ ಹೋಗುವುದು. ಕಡೆಯ ಸೋಮವಾರ ಕುಣಿಗಲ್ ಹತ್ತಿರ ಇರುವ ಅತ್ತೆಯ ತವರಿನ ಮನೆದೇವರಿಗೆ ಬಾಡಿಗೆ ಕಾರಿನಲ್ಲಿ ಹೊರಟೆವು. ಅತ್ತೆಯ ತಮ್ಮ ನಂಜುಂಡಪ್ಪ ಮಾವ ಅಲ್ಲೇ ಇದ್ದರು, ಅಕ್ಕ ಅಂದರೆ ಪ್ರಾಣ. ನಾವು ಗುಡಿ ಸೇರುವಾಗ ನಡು ಮಧ್ಯಾಹ್ನ. ಅಂಗಳದ ಕಲ್ಲುಚಪ್ಪಡಿಗಳು ಕಾದ ಕಾವಲಿಯಾಗಿದ್ದವು. ಪ್ರದಕ್ಷಿಣೆಗೆ ಇಳಿದವರೆಲ್ಲ ಕುಣಿಯುತ್ತಾ ಓಡುತ್ತಿದ್ದರು. ನಾನು ಅರ್ಧ ಸುತ್ತಿಗೇ ಚಿನ್ಮಯಿಯನ್ನು ಎತ್ತಿಕೊಂಡು ನೆರಳಿಗೆ ನುಗ್ಗಿದೆ. ಅತ್ತೆ ಮಾತ್ರ ಒಂದೊಂದೇ ಹೆಜ್ಜೆ ಇಡುತ್ತಾ, ನಿಧಾನವಾಗಿ, ಮದುವೆ ಮನೆಯ ಜಮಖಾನೆಯ ಮೇಲೆ ನಡೆದಂತೆ ನಡೆದರು. ಮೂರು ಸುತ್ತು ಮುಗಿಸಿ ನಿಂತು, "ನನಗೇನೂ ಸುಡ್ಲೇ ಇಲ್ವಲ್ಲೋ ನಂಜುಂಡ" ಅಂದರು. ಅವರ ದನಿಯಲ್ಲೇ ಬೆರಗಿತ್ತು.

ಮಾವ ಅಲ್ಲೇ ಕೈ ಮುಗಿದರು. "ನೋಡ್ರಪ್ಪೋ! ನಮ್ಮಕ್ಕನ ಕಾಲು ಸುಡ್ನಿಲ್ಲ! ಒಂದು ದಿನ ಲಿಂಗ ಪೂಜೆ ತಪ್ಪಿಸಿದೋಳಲ್ಲ ಅವ್ಳು. ಶಿವ ಅವ್ಳ ಕಾಲಡಿ ನೀರಾಗವ್ನೆ ಕಣ್ರಪ್ಪೋ!"

ಜನ ಸೇರಿದರು. ಹೆಂಗಸರು ಒಬ್ಬೊಬ್ಬರಾಗಿ ಬಂದು ಆ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಒಬ್ಬಾಕೆ ಮಗುವಿನ ತಲೆಯನ್ನೇ ಪಾದಕ್ಕೆ ತಾಗಿಸಿದಳು. ಅತ್ತೆ ಕಣ್ಣು ತುಂಬಿಕೊಂಡು ನಿಂತಿದ್ದರು. ಗುಬ್ಬಿಯ ಕ್ಲಾಸಿನಲ್ಲಿ ಹಿಂದಿನ ವಾರ ತಾನೇ ನರಗಳ ಪಾಠ ಮಾಡಿ ಬಂದಿದ್ದ ನನಗೆ, ಸುಡುವುದು ಸುಡಲೇಬೇಕು, ಸುಡದಿದ್ದರೆ ಅದು ಅಪಾಯ ಎಂದು ಆ ಕ್ಷಣ ಹೊಳೆಯಲಿಲ್ಲ. ನಾನೂ ಬಗ್ಗಿ ನಮಸ್ಕಾರ ಮಾಡಿದೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅನ್ನುವ ಗಾದೆಯನ್ನು ನನ್ನಂಥವಳನ್ನು ನೋಡಿಯೇ ಕಟ್ಟಿರಬೇಕು. ಬರುವಾಗ ಮಾವ ಒಂದು ಬುಟ್ಟಿ ಅಚ್ಚುಬೆಲ್ಲ ಕಾರಿನಲ್ಲಿಟ್ಟರು. "ಸಕ್ಕರೆ ತಾನೇ ಬ್ಯಾಡ ಅಂದಿರದು ಡಾಕ್ಟ್ರು? ಇದು ಬೆಲ್ಲ, ತಿನ್ನಕ್ಕ" ಅಂದರು.

ಆಮೇಲಿನದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಊರಿಂದ ಬಂದ ಮಾರನೆಯ ದಿನವೇ ಅಂಗಾಲಿನಲ್ಲಿ ಬೊಬ್ಬೆ ಎದ್ದಿತ್ತಂತೆ. ನೋವಿಲ್ಲ. ಅಂಗಾಲು ಎತ್ತಿ ನೋಡಿಕೊಳ್ಳುವ ವಯಸ್ಸೂ ಅಲ್ಲ, ಮೈಯೂ ಅಲ್ಲ. ಸ್ನಾನ ಮಾಡುವಾಗ ಕೈಗೆ ಕೀವಿನ ಅಂಟು ಹತ್ತಿತೆಂದು ಅರಿಸಿನ ಮೆತ್ತಿ, ಹಳೆಯ ಸೀರೆಯ ಚೂರು ಸುತ್ತಿಕೊಂಡು ನೆರಿಗೆ ಇಳಿಬಿಟ್ಟರು. ಯಾರಿಗೂ ಹೇಳಲಿಲ್ಲ. ಹೇಗೆ ಹೇಳಿಯಾರು? ಶಿವ ಕಾಪಾಡಿದ ಕಾಲು ಎಂದು ಊರೇ ಮುಟ್ಟಿ ನಮಸ್ಕರಿಸಿದ ಕಾಲು ಅದು. ಸಂಜೆಯಾದರೆ ಅದೇ ದಿವಾನ್, ಅದೇ ಕತ್ತಲು, ಅದೇ ಇಳಿಬಿಟ್ಟ ಕಾಲು. ಟೀವಿಯಲ್ಲಿ ಆಗ ಯಾವಳೋ ಸೊಸೆ ಅತ್ತೆಗೆ ವಿಷ ಹಾಕಲು ಹೊಂಚುತ್ತಿದ್ದಳು. ನಾವು ನಾಲ್ಕೂ ಜನ ವಾರಗಟ್ಟಲೆ ಕಣ್ಣು ಮಿಟುಕಿಸದೆ ಅವಳನ್ನು ಕಾದೆವು.

ಭಾದ್ರಪದಕ್ಕೆ ಮಳೆ ಹಿಡಿಯಿತು. ಶ್ರಾವಣದ ಬಾಕಿಯನ್ನೂ ಸೇರಿಸಿ ಸುರಿಯಿತು. ಹೆದ್ದಾರಿಯ ಬದಿಯ ಚರಂಡಿ ಉಕ್ಕಿ ಬೀದಿಯೆಲ್ಲ ಕೆಸರು, ಬಟ್ಟೆ ಒಣಗದು, ಗೋಡೆಗೆ ಬೂಸ್ಟು. ಆಗಲೇ ಹಾಲ್‌ನಲ್ಲಿ ಆ ವಾಸನೆ ಶುರುವಾದದ್ದು. ಸಿಹಿಗೂ ಕೊಳೆತದ್ದಕ್ಕೂ ನಡುವಿನ ವಾಸನೆ. ಇಲಿ ಸತ್ತಿದೆ ಎಂದರು ಯಜಮಾನರು. ಟೀವಿ ಕೆಳಗಿನ ಮೇಜು ಸರಿಸಿದೆವು, ಸೋಫಾ ಮಗುಚಿದೆವು, ಅಟ್ಟದ ಮೇಲೆ ಹುಡುಕಿದೆವು. ದಿವಾನ್ ಅಡಿ ಗುಡಿಸುವಾಗ ಅತ್ತೆ ಕಾಲು ಮೇಲೆತ್ತಿ ಜಾಗ ಕೊಟ್ಟರು. ಫಿನಾಯಿಲ್ ಹಾಕಿ ಒರೆಸಿ ಊದುಬತ್ತಿ ಹಚ್ಚಿದೆ. ಮತ್ತೆ ಲೈಟ್ ಆರಿಸಿ ಟೀವಿ ಹಾಕಿಕೊಂಡೆವು.

ಗಣೇಶನ ಹಬ್ಬ ಕಳೆದ ಮೇಲೆ ಒಂದು ಸಂಜೆ ಗುಡುಗಿನ ಜೊತೆ ಕರೆಂಟು ಹೋಯಿತು. ಸೀರಿಯಲ್ಲು ಅರ್ಧಕ್ಕೆ ನಿಂತಿತು. ಎಲ್ಲರೂ ಒಟ್ಟಿಗೆ "ಥೂ" ಅಂದೆವು. ಚಿನ್ಮಯಿ ನನ್ನ ಫೋನಿನ ಟಾರ್ಚ್ ಹಚ್ಚಿ ನೆಲದ ಮೇಲೆ ಆಡಿಸುತ್ತಿದ್ದಳು. ಇದ್ದಕ್ಕಿದ್ದಂತೆ, "ಅಮ್ಮ, ಅಜ್ಜಿ ಕಾಲಿಗೆ ಇರುವೆ ಹತ್ತವೆ" ಅಂದಳು.

"ಪ್ರಸಾದ ಚೆಲ್ಲಿರ್ತದೆ ಬುಡೆ" ಎಂದು ಅತ್ತೆ ನಕ್ಕರು.

ನಾನು ಫೋನ್ ತೆಗೆದುಕೊಂಡು ಬಗ್ಗಿದೆ. ಬಾಗಿಲ ಸಂದಿಯಿಂದ ಹೊರಟ ಕೆಂಪಿರುವೆಯ ಸಾಲು ನೆಲ ದಾಟಿ, ದಿವಾನ್ ಪಕ್ಕಕ್ಕೆ ಬಂದು, ಅತ್ತೆಯ ಕಾಲಿನ ಬಟ್ಟೆಯ ಸುತ್ತಿನೊಳಗೆ ಹೋಗುತ್ತಿತ್ತು. ಹೋದವು ವಾಪಸೂ ಬರುತ್ತಿದ್ದವು. ಬಟ್ಟೆ ಬಿಚ್ಚಿದೆ. ಅಷ್ಟು ದಿನ ಹುಡುಕಿದ ಇಲಿ ಅಲ್ಲಿತ್ತು. ಅಂಗಾಲಿನ ಅರ್ಧ ಭಾಗ ಕಪ್ಪಾಗಿ ಒಳಕ್ಕೆ ಕುಸಿದಿತ್ತು. ಒಳಗೆಲ್ಲ ಇರುವೆ ಮುತ್ತಿದ್ದವು. ಅತ್ತೆ ಮೇಲಿಂದ, "ಏನೇ ಅದು? ಕರೆಂಟ್ ಬಂತಾ?" ಎಂದು ಕೇಳಿದರು. ಅವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಯಜಮಾನರು ಗೋಡೆ ಹಿಡಿದುಕೊಂಡು ನಿಂತುಬಿಟ್ಟರು.

ಬೆಳಿಗ್ಗೆ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ಒಂದು ಪಿನ್ನು ಹಿಡಿದುಕೊಂಡು, "ಅಮ್ಮ, ಕಣ್ಣು ಮುಚ್ಕೊಳಿ. ಚುಚ್ಚಿದಾಗ ಹೂಂ ಅನ್ನಿ" ಅಂದರು. ಅತ್ತೆ ಸೂಜಿಗೆ ಹೆದರುವ ಮಗುವಿನಂತೆ ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ಕಚ್ಚಿ ಕಾಯುತ್ತಾ ಕೂತರು. ಡಾಕ್ಟರು ಒಂದು ಕಾಲು ಮುಗಿಸಿ ಇನ್ನೊಂದಕ್ಕೆ ಹೋದರು. ಅದೂ ಮುಗಿಯಿತು. ಅತ್ತೆ ಇನ್ನೂ ಕಾಯುತ್ತಿದ್ದರು. "ನಿಧಾನಕ್ಕೆ ಚುಚ್ಚಿ ಡಾಕ್ಟ್ರೇ" ಅಂದರು.

ಮೊದಲು ಬೆರಳು ಹೋಯಿತು. ಅದು ಸಾಲಲಿಲ್ಲ. ಮಂಡಿಯ ಕೆಳಗೆ ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ ಎಂದರು. ಅತ್ತೆ ಒಪ್ಪಲೇ ಇಲ್ಲ. ನಡೆಯುವುದಕ್ಕಾಗಿ ಅಲ್ಲ ಅವರ ಹಟ.

"ನಾಳೆ ಸತ್ತಾಗ ನನ್ನ ಹೆಂಗ್ ಕೂರಿಸ್ತೀಯ ಶಿವು?" ಎಂದು ಮಗನ ಕೈ ಹಿಡಿದುಕೊಂಡರು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಚಕ್ಕಳಮಕ್ಕಳ ಹಾಕಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ಪೂಜೆಗೆ ಕೂತ ಹಾಗೆಯೇ ಸಮಾಧಿಗೆ ಇಳಿಸುತ್ತೇವೆ. "ಒಂದ್ ಕಾಲಲ್ಲಿ ಕೂರಕ್ಕಾಯ್ತದೇನ್ಲಾ? ಶಿವನ ಮುಂದೆ ಹೆಳವಿ ಹಂಗೆ ಹೋಗ್ಲಾ?"

ಯಜಮಾನರು ಮುಖ ತಿರುಗಿಸಿ ಅತ್ತರು. ಕಡೆಗೆ ಚಿನ್ಮಯಿಯ ಮದುವೆ ನೋಡಬೇಡವಾ ಎಂದು ಹೇಳಿ ಹೇಳಿ ಒಪ್ಪಿಸಿದೆವು. ಆಪರೇಷನ್ ಆದ ಮೇಲೆ ಕುಣಿಗಲ್‌ನಿಂದ ನಂಜುಂಡಪ್ಪ ಮಾವ ಬಂದರು. ಹೊದಿಕೆಯಡಿ ಒಂದು ಕಡೆ ತಗ್ಗಾಗಿದ್ದುದನ್ನು ನೋಡಿ, "ಊರೋರೆಲ್ಲ ಮುಟ್ಟಿದ ಕಾಲಲ್ಲಕ್ಕಾ! ಪೂಜೆ ಮಾಡಿದ್ಕೆ ಶಿವ ಕೊಟ್ಟಿದ್ದು ಇದೇನಾ? ಪ್ರಸಾದ ತಿಂದೋಳಿಗೆ ಹಿಂಗಾಯ್ತದಾ?" ಎಂದು ವಾರ್ಡಿನ ತುಂಬ ಕೇಳುವಂತೆ ಗೋಳಾಡಿದರು. ನನಗೆ ಆ ಬೆಲ್ಲದ ಬುಟ್ಟಿ ನೆನಪಾಗಿ ಸಿಟ್ಟು ನೆತ್ತಿಗೇರಿತು. ಏನಾದರೂ ಅಂದೇಬಿಡುತ್ತಿದ್ದೆ.

ಅತ್ತೆಯೇ ಮಾತಾಡಿದರು. ಆ ದೊಡ್ಡ ಗಂಟಲು ಆಗಲೇ ಇಂಗಿ ಹೋಗಿತ್ತು.

"ಶಿವನ್ನ ಯಾಕ್ ಬೈತೀಯೋ ನಂಜುಂಡ? ಲಿಂಗಕ್ಕೆ ಮುಟ್ಟಿಸ್ತಿದ್ದೆ, ಸುಳ್ಳಲ್ಲ. ಆದ್ರೆ ಕಣ್ಣು ಟೀವಿಲಿತ್ತು ಕಣಪ್ಪ. ಕೊಟ್ಟಿದ್ನೋ ಇಲ್ವೋ ನನಗೇ ಗೊತ್ತಿಲ್ಲ, ಅವನ್ಗೆಂಗ್ ಗೊತ್ತಾಗ್ಬೇಕು? ನಾ ತಿಂದಿದ್ದೆಲ್ಲ ಪದಾರ್ಥವೇಯ. ಒಂದು ಚೂರೂ ಪ್ರಸಾದ ಆಗ್ಲಿಲ್ಲ."

ಅಷ್ಟು ವರ್ಷ ನಾನು ವಿಜ್ಞಾನ ಹೇಳಿ ಹೇಳಿ ಸೋತಿದ್ದನ್ನು ಅತ್ತೆ ತಮ್ಮದೇ ಮಾತಿನಲ್ಲಿ ಹೇಳಿ ಮುಗಿಸಿದ್ದರು. ಹೇಳುವ ಹೊತ್ತು ಮಾತ್ರ ಮೀರಿತ್ತು.

ಮನೆಗೆ ಬಂದ ಮೇಲೆ ಅತ್ತೆ ಟೀವಿ ಹಾಕಿಸಲಿಲ್ಲ. ಸಂಜೆ ಲೈಟ್ ಹಾಕಿಸಿ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಂಗೈಯ ಲಿಂಗವನ್ನು ಬಹಳ ಹೊತ್ತು ನೋಡಿ, ಒಂದೇ ಒಂದು ರಾಗಿರೊಟ್ಟಿಯ ಚೂರನ್ನು ಅಗಿದು ಅಗಿದು ತಿನ್ನುತ್ತಿದ್ದರು. ಊಟ ಬಲ್ಲವನಿಗೆ ರೋಗವಿಲ್ಲ ಎಂದು ನನಗೆ ಮದುವೆಯಾದ ಹೊಸದರಲ್ಲಿ ಅವರೇ ಹೇಳಿಕೊಟ್ಟಿದ್ದರು. ನಂಜು ಇನ್ನೊಂದು ಕಾಲಿಗೂ ಏರಿತು. ಕಾರ್ತಿಕದಲ್ಲಿ, ಬೀದಿಯ ಮನೆಗಳ ಮುಂದೆಲ್ಲ ದೀಪ ಇಟ್ಟಿದ್ದ ಒಂದು ಸಂಜೆ, ಹೋಗಿಬಿಟ್ಟರು.

ಕ್ರಿಯೆ ಮಾಡಿಸಲು ಬಂದ ಅಯ್ಯನವರು ಅತ್ತೆಯನ್ನು ಕೂರಿಸಲು ಹೋಗಿ ಕೈ ತಡೆದು ನಿಂತರು. ಕಾಲಿನ ಮೇಲೆ ಹಾಕಲು ಇನ್ನೊಂದು ಕಾಲು ಇರಲಿಲ್ಲ. ಕೂರಿಸಿದಾಗಲೆಲ್ಲ ಮೈ ಒಂದು ಕಡೆಗೆ ವಾಲುತ್ತಿತ್ತು. ಕೊನೆಗೆ ನಾನು ಒಳಗೆ ಹೋಗಿ ಅತ್ತೆಯ ಪೂಜೆಯ ಮಡಿಸೀರೆ ತಂದೆ. ಅದನ್ನು ಬಿಗಿಯಾಗಿ ಸುತ್ತಿ, ಕಾಲಿನಷ್ಟು ಉದ್ದಕ್ಕೆ ಕಟ್ಟಿ, ವಿಭೂತಿ ಬಳಿದು ಆ ಜಾಗದಲ್ಲಿಟ್ಟರು. ಅತ್ತೆ ನೆಟ್ಟಗೆ ಕೂತರು. ಯಜಮಾನರು ಆ ಬಟ್ಟೆಯ ಕಾಲನ್ನು ಹಿಡಿದುಕೊಂಡು ನಮಸ್ಕಾರ ಮಾಡಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಅವರು ಮರೆತರು. ಹೀಗೆ ಬರೆಯುವುದು ಕಟುವಾಯಿತೇನೋ. ದುಃಖವನ್ನು ಮರೆಯಲಿಲ್ಲ, ಅದು ಯಾಕೆ ಬಂತು ಅನ್ನುವುದನ್ನು ಮರೆತರು. ಮರಳೂರಿನ ಮನೆಗೆ ಆ ಟೀವಿಯೂ ಬಂತು. ಕಾರ್ಖಾನೆಯಿಂದ ಬಂದು ಸೋಫಾದಲ್ಲಿ ಕೂತರೆ ಏಳುವುದು ಮಲಗುವುದಕ್ಕೇ. ಲೈಟ್ ನಾನು ಹಾಕುತ್ತೇನೆ, ಅವರು ಆರಿಸುತ್ತಾರೆ. ನಿಮ್ಮಮ್ಮನಿಗೆ ಇತ್ತು, ನಿಮಗೂ ಇರಬಹುದು, ಒಮ್ಮೆ ರಕ್ತ ತೋರಿಸಿ ಅಂದರೆ, "ನೋಡಿದ್ರೆ ತಾನೇ ಇರೋದು, ನೋಡ್ಲೇಬಾರ್ದು ಬಿಡು" ಎಂದು ನಗುತ್ತಾರೆ. ಈಚೆಗೆ ನೀರು ಕುಡಿದಷ್ಟೂ ಬಾಯಾರಿಕೆ, ಮೈ ಇಳಿದು ಅಂಗಿ ಜೋತು ಬೀಳುತ್ತಿತ್ತು. ಅವರು ಮೂತ್ರಕ್ಕೆ ಹೋಗಿ ಬಂದ ಬಚ್ಚಲಿನ ಮೂಲೆಯಲ್ಲಿ ಕೆಂಪಿರುವೆಯ ಸಾಲು ನೋಡಿದ ದಿನವೇ ಅವರನ್ನು ಹೊರಡಿಸಿದ್ದು.

ರಕ್ತ ತೆಗೆಯುವ ಹುಡುಗಿ ಅವರ ತೋಳಿಗೆ ಪಟ್ಟಿ ಬಿಗಿದು, "ಊಟ ಆಗಿ ಎರಡು ಗಂಟೆ ಆಯ್ತಾ ಸಾರ್?" ಎಂದು ಕೇಳಿದಳು.

"ಹೂಂ, ಪ್ರಸಾದ ಆಯ್ತು" ಅಂದರು ಯಜಮಾನರು. ಕಣ್ಣು ಗೋಡೆಯ ಟೀವಿಯ ಮೇಲಿತ್ತು.

ಹುಡುಗಿ ರಕ್ತ ತೆಗೆದುಕೊಂಡು ಒಳಗೆ ಹೋದಳು. ನಾನು ಅವರ ಕುರ್ಚಿಯ ಮುಂದೆ, ಹಿಂದೊಮ್ಮೆ ದಿವಾನ್ ಇದ್ದ ಜಾಗದಲ್ಲಿ, ನೆಲದ ಮೇಲೆ ಕೂತೆ. ಶೂ ಬಿಚ್ಚಿದೆ, ಸಾಕ್ಸ್ ಎಳೆದೆ.

"ಏಯ್, ಏನೇ ಮಾಡ್ತಿದೀಯಾ? ಜನ ನೋಡ್ತವ್ರೆ."

"ನೋಡ್ಲಿ. ಅವತ್ತು ಯಾರೂ ನೋಡ್ಲಿಲ್ವಲ್ಲ."

ಟ್ಯೂಬ್‌ಲೈಟಿನ ಬೆಳಕಿನಲ್ಲಿ ಕಾಲು ಎತ್ತಿ ತೊಡೆಯ ಮೇಲಿಟ್ಟುಕೊಂಡು ನೋಡಿದೆ. ಗಾಯವಿಲ್ಲ, ಬೊಬ್ಬೆಯಿಲ್ಲ. ಸದ್ಯ ಅನ್ನಿಸಿತು. ಉಸಿರು ಬಿಟ್ಟು, "ಒತ್ತುತೀನಿ, ಗೊತ್ತಾಯ್ತದಾ ಹೇಳಿ" ಅಂದೆ.

ಅವರು ಟೀವಿಯಿಂದ ಕಣ್ಣು ತೆಗೆದರು. ನನ್ನನ್ನೇ ನೋಡುತ್ತಾ, ಬಹಳ ದಿನಗಳ ಮೇಲೆ ಮೆತ್ತಗೆ ನಕ್ಕು, "ಹೂಂ, ಒತ್ತು" ಅಂದರು.

ನಾನು ಆಗಲೇ ಒತ್ತಿ ಹಿಡಿದಿದ್ದೆ. ಹೆಬ್ಬೆರಳಿನ ಉಗುರು ಅವರ ಅಂಗಾಲಿನೊಳಗೆ ಊರಿತ್ತು.